ಕಂಬಕ್ಕೆ ಒಂದು ತಂಬಿಗೆ

ಪುಣೆಯ ಕೋಥರೂಡದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ನೀವು ಬಂದದ್ದೇ ಆದರೆ ಯಾರಾದರೊಬ್ಬರು ನಿಮ್ಮನ್ನು ಪಾರ್ಕಿಂಗಿನ ಮೂಲೆಗೆ ಕರೆದೊಯ್ದು ಒಂದು ಕತೆ ಹೇಳಿಯೇ ಹೇಳುತ್ತಾರೆ. ಬಹಳ ಹಿಂದೆ, ಈ ಕಟ್ಟಡ ಹೊಸದಾಗಿದ್ದಾಗ, ಎರಡನೆಯ ಮಹಡಿಯ ಆಜೋಬಾ, ಅಂದರೆ ನಮ್ಮಜ್ಜ, ಒಂದು ಕನಸು ಕಂಡರಂತೆ. ಕನಸಿನಲ್ಲಿ ಈ ಮೂಲೆಯ ಕಂಬ ಬಾಯಿ ತೆರೆದು "ನನಗೆ ನೀರಡಿಕೆಯಾಗಿದೆ" ಎಂದಿತಂತೆ. ಬೆಳಗಾಗುತ್ತಲೇ ಅಜ್ಜ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಇಳಿದು ಬಂದು ಕಂಬಕ್ಕೆ ಒಂದು ತಂಬಿಗೆ ನೀರೆರೆದರಂತೆ. ಅಂದಿನಿಂದ ಕಂಬದಲ್ಲಿ ದೇವರು ನೆಲೆಸಿದ್ದಾನಂತೆ.

ನನಗೆ ಈ ಕತೆಯ ಬಗ್ಗೆ ಆಕ್ಷೇಪಣೆಗಳಿವೆ. ಕಾಲೇಜಿನಲ್ಲಿದ್ದಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಈಗ ಅದನ್ನೇ ಮಕ್ಕಳಿಗೆ ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಯಾರಾದರೂ 'ಅಂತೆ' ಎಂದರೆ ಸಾಕು, ನನ್ನ ಬಲಗೈ ತಾನಾಗಿಯೇ ಮೇಲೇಳುತ್ತದೆ. ಮೊದಲನೆಯದಾಗಿ, ಅಜ್ಜನಿಗೆ ಕನಸು ಬೀಳುವ ಸಾಧ್ಯತೆಯೇ ಇಲ್ಲ. ಅವನ ಗೊರಕೆಯ ನಡುವೆ ನುಸುಳಿ ಒಳಗೆ ಹೋಗಲು ಯಾವ ಕನಸಿಗೂ ಧೈರ್ಯ ಸಾಲದು. ಎರಡನೆಯದಾಗಿ, ಕಂಬ ಯಾವ ಭಾಷೆಯಲ್ಲಿ ಮಾತಾಡಿತು? ಶುದ್ಧ ಮರಾಠಿಯಲ್ಲಿ ಎನ್ನುತ್ತಾರೆ ಕೆಳಮನೆಯ ಲಿಮಯೆ ಕಾಕು, ಅಂದರೆ ಚಿಕ್ಕಮ್ಮ. ಇಷ್ಟು ವರ್ಷ ಪುಣೆಯಲ್ಲಿದ್ದರೂ ಅಜ್ಜ ಮರಾಠಿಯಲ್ಲಿ ತರಕಾರಿ ಕೊಳ್ಳುತ್ತಾನೆಯೇ ಹೊರತು ಕನಸು ಕಾಣುವಷ್ಟು ಮುಂದುವರಿದಿಲ್ಲ. ಮೂರನೆಯದಾಗಿ, ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯುವ ಹೊತ್ತಿನಲ್ಲಿ ಅಜ್ಜ ಕತ್ತು ಮೇಲೆತ್ತಿ, ತೊಲೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುತ್ತಿರುತ್ತಾನೆ. ನನಗೆ ನಾಸ್ತಿಕತೆಯ ಮೊದಲ ಪಾಠ ಸಿಕ್ಕಿದ್ದು ಆ ಕತ್ತಿನಿಂದ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಮೇಜಿನ ಮೇಲಿರುವ ಒಂದು ಕಾಂಕ್ರೀಟ್ ತುಂಡು. ಮುಷ್ಟಿಗಿಂತ ತುಸು ಚಿಕ್ಕದು. ಸುತ್ತಲೂ ಬೂದು ಬಣ್ಣ, ಒಂದು ಮಗ್ಗುಲು ಮಾತ್ರ ಅರಿಶಿನ ಕುಂಕುಮ ಕುಡಿದು ಕುಡಿದು ಕೇಸರಿಯಾಗಿದೆ. ಒಳಬದಿಯಲ್ಲಿ ಕಬ್ಬಿಣದ ಸರಳು ಕೂತಿದ್ದ ಗೀರು, ಗೀರಿನ ತುಂಬ ತುಕ್ಕು. ಪೇಪರ್‌ವೇಟ್ ಎಂದು ಇಟ್ಟುಕೊಂಡಿದ್ದೇನೆ. ಹಾರಿಹೋಗುವಂಥ ಕಾಗದ ನನ್ನ ಮೇಜಿನ ಮೇಲೆ ಒಂದೂ ಇಲ್ಲ, ಎಲ್ಲ ಲ್ಯಾಪ್‌ಟಾಪಿನೊಳಗಿದೆ ಎನ್ನುವುದು ಬೇರೆ ಮಾತು. ಅದನ್ನು ಕಂಡಾಗಲೆಲ್ಲ ನಾನು ಗೆದ್ದ ಒಂದು ವಾದ ನೆನಪಾಗುತ್ತದೆ. ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಅಜ್ಜ ಮತ್ತು ಕಾಂಕ್ರೀಟ್ ನಡುವಿನ ಸಂಬಂಧ ಸಾಮಾನ್ಯದ್ದಲ್ಲ. ಅವನು ಹುಟ್ಟಿ ಬೆಳೆದದ್ದು ಧಾರವಾಡದ ಕಡೆ ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮಳೆಗಾಲದಲ್ಲಿ ಆ ಮಾಳಿಗೆ ಯಾವ ಕ್ಷಣ ಎಲ್ಲಿ ಸೋರುತ್ತದೆಂದು ಹೇಳಲು ಬರುತ್ತಿರಲಿಲ್ಲವಂತೆ. ಅಡಿಗೆಮನೆಯ ಪಾತ್ರೆಗಳೆಲ್ಲ ನಡುಮನೆಗೆ ಬಂದು, ಬೀಗರ ಹಾಗೆ ಅಲ್ಲಲ್ಲಿ ಕೂಡುತ್ತಿದ್ದವು. ಗಂಗಾಳಕ್ಕೆ ಬೀಳುವ ಹನಿಯ ಸದ್ದು ಬೇರೆ, ಹಂಡೆಗೆ ಬೀಳುವ ಹನಿಯ ಸದ್ದು ಬೇರೆ. ಅಜ್ಜ ಈಗಲೂ ಎರಡನ್ನೂ ಬಾಯಲ್ಲಿ ನುಡಿಸಿ ತೋರಿಸುತ್ತಾನೆ. ಹಾಸಿಗೆಯನ್ನು ಎಳೆದೆಳೆದು ಒಣಜಾಗ ಹುಡುಕಿದ ಹುಡುಗನಿಗೆ ದೊಡ್ಡವನಾದ ಮೇಲೆ ಕಾಂಕ್ರೀಟ್ ಸ್ಲ್ಯಾಬು ಬರೀ ಛಾವಣಿಯಾಗಿ ಕಾಣಲು ಸಾಧ್ಯವೇ? ಅದು ಅವನಿಗೆ ಒಣನಿದ್ದೆ.

ಹೀಗಾಗಿ ನಮ್ಮ ಮನೆಯಲ್ಲಿ ಜಗತ್ತಿನ ಅತ್ಯುನ್ನತ ಹೊಗಳಿಕೆ 'ಆರ್‌ಸಿಸಿ', ಅಂದರೆ ಸರಳು ಹಾಕಿದ ಕಾಂಕ್ರೀಟು. ಒಳ್ಳೆಯ ಮನುಷ್ಯ ಸಿಕ್ಕರೆ "ಆರ್‌ಸಿಸಿ ಮನಷ್ಯಾ ಅದಾನ್ರೀ." ಹಲ್ಲಿನ ಡಾಕ್ಟರು ಹೊಸ ಹಲ್ಲು ಕೂಡಿಸಿದರೆ "ಆರ್‌ಸಿಸಿ ಕೆಲಸಾ." ಒಮ್ಮೆ ಅಮ್ಮ ಮಾಡಿದ ರೊಟ್ಟಿಗೂ ಅಜ್ಜ ಮನಃಪೂರ್ವಕವಾಗಿ ಇದೇ ಪ್ರಶಸ್ತಿ ಕೊಟ್ಟ. ಅಮ್ಮ ಆಮೇಲೆ ಒಂದು ವಾರ ಅನ್ನವನ್ನಷ್ಟೇ ಮಾಡಿದಳು. ಅಮ್ಮನನ್ನು ಸೊಸೆಯಾಗಿ ನೋಡಲು ಹೋದಾಗಲೂ ಅಷ್ಟೇ. ಹುಡುಗಿಗೆ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳುವ ಕಾಲ. ಅಜ್ಜ ಅವಲಕ್ಕಿ ತಿನ್ನುತ್ತ ಮೇಲೆ ನೋಡಿ "ಸ್ಲ್ಯಾಬ್ ಎಷ್ಟು ದಪ್ಪ ಹಾಕಿಸೀರಿ?" ಎಂದನಂತೆ. ನಾನೂ 'ಅಂತೆ' ಎಂದೆನೆಂದು ಹಿಡಿಯಬೇಡಿ. ಇದಕ್ಕೆ ಸಾಕ್ಷಿ ಅಮ್ಮ, ಇನ್ನೂ ಸಿಟ್ಟಿನಲ್ಲಿದ್ದಾಳೆ.

ಒಮ್ಮೆ ನನ್ನ ಗೆಳತಿಯ ಆರ್ಕಿಟೆಕ್ಚರ್ ಕಾಲೇಜಿಗೆ ಅಜ್ಜನನ್ನು ಕರೆದುಕೊಂಡು ಹೋಗಿದ್ದೆ. ಕಟ್ಟಡಕ್ಕೆ ಬಣ್ಣವಿಲ್ಲ, ಗಿಲಾವಿಲ್ಲ, ಬರೀ ಬೂದು ಕಾಂಕ್ರೀಟು. ಅಚ್ಚಿಗೆ ಕಟ್ಟಿದ್ದ ಹಲಗೆಗಳ ಗೆರೆಗಳೂ ಗೋಡೆಯ ಮೇಲೆ ಹಾಗೇ ಉಳಿದಿವೆ. ಗೆಳತಿ ಗೋಡೆಗೆ ಕೈಯಿಟ್ಟು, ಕಣ್ಣರ್ಧ ಮುಚ್ಚಿ, "ನೋಡಿ ಅಜ್ಜಾ, ಇದು ಪ್ರಾಮಾಣಿಕ ವಸ್ತು. ಹೇಗೆ ಹುಟ್ಟಿತೋ ಹಾಗೇ ನಿಂತಿದೆ" ಎಂದಳು. ಅಜ್ಜ ಗೋಡೆಯನ್ನು ಎಮ್ಮೆಯ ಬೆನ್ನಿನ ಹಾಗೆ ತಟ್ಟಿ, ನನ್ನ ಕಿವಿಯಲ್ಲಿ "ಪಾಪ, ಗಿಲಾವು ಮಾಡೂ ಗೌಂಡಿ ನಡಕ ಓಡಿ ಹೋದಾ ಏನು?" ಎಂದು ಕೇಳಿದ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಹೊಟ್ಟೆಯ ತುಂಬ ಕಬ್ಬಿಣ ಬಚ್ಚಿಟ್ಟುಕೊಂಡು ಹೊರಗೆ ಕಲ್ಲಿನ ಮುಖ ಹಾಕಿಕೊಂಡು ನಿಲ್ಲುವ ವಸ್ತು ಪ್ರಾಮಾಣಿಕ ಹೇಗಾಗುತ್ತದೆ ಎಂದು ಶುರು ಮಾಡಿದೆ. ಮಣ್ಣು ತಾನು ಸೋರುತ್ತೇನೆಂದು ಸೋರಿಯೇ ಹೇಳುತ್ತದೆ. ಕಾಂಕ್ರೀಟು ತನ್ನ ಕಾಯಿಲೆಯನ್ನು ಒಳಗೇ ಇಟ್ಟುಕೊಂಡು ನಗುತ್ತದೆ. ಹಾಗಾದರೆ ಪ್ರಾಮಾಣಿಕರು ಯಾರು? ಕ್ಯಾಂಟೀನಿನ ಚಹಾ ಆರಿತು. ಗೆಳತಿಯೂ ಆರಿದಳು. ಮೊನ್ನೆ ಅವಳ ಮದುವೆಯಾಯಿತೆಂದು ಬೇರೆಯವರಿಂದ ತಿಳಿಯಿತು.

ಇರಲಿ, ಕಂಬದ ಮಾತಿಗೆ ಬರುತ್ತೇನೆ. ಕನಸೂ ಇಲ್ಲ, ಗಿನಸೂ ಇಲ್ಲ. ನಡೆದದ್ದು ಇಷ್ಟು.

ಈ ಕಟ್ಟಡ ಏಳುತ್ತಿದ್ದ ಕಾಲಕ್ಕೆ ಅಜ್ಜ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಇಲ್ಲಿಗೆ ಬಂದು ನಿಲ್ಲುತ್ತಿದ್ದ. ಮನೆ ಎಷ್ಟು ಮೇಲೆ ಬಂತು ಎಂದು ನೋಡುವುದು ಒಂದು ನೆಪ. ಗುತ್ತಿಗೆದಾರ ಸಿದ್ದಪ್ಪ ವಿಜಯಪುರದ ಕಡೆಯವನು, ಕೆಲಸದವರೂ ಅಲ್ಲಿಯವರೇ. ಪುಣೆಯಲ್ಲಿ ಅಜ್ಜ ಗಂಟಲು ಬಿಚ್ಚಿ ಕನ್ನಡ ಮಾತಾಡಬಹುದಾದ ಒಂದೇ ಜಾಗ ಈ ಮರಳಿನ ಗುಡ್ಡೆಯಾಗಿತ್ತು. ಬರೀ ಮಾತಾಡಿದ್ದರೆ ಸರಿಯಿತ್ತು, ಪ್ರಶ್ನೆಯನ್ನೂ ಕೇಳುತ್ತಿದ್ದ. ಮರಳು ಇಷ್ಟ್ಯಾಕ? ಜಲ್ಲಿ ಅಷ್ಟ್ಯಾಕ? ಸರಳು ಹಿಂಗ್ಯಾಕ ಬಗ್ಗಿಸೀರಿ? ಸಿದ್ದಪ್ಪ ತಾಳುವಷ್ಟು ತಾಳಿದ. ಕೊನೆಗೊಂದು ದಿನ ಹೊಸದಾಗಿ ಅಚ್ಚು ಬಿಚ್ಚಿದ ಮೂಲೆಯ ಕಂಬದ ಮುಂದೆ ಅಜ್ಜನನ್ನು ನಿಲ್ಲಿಸಿ ಹೇಳಿದ:

"ರಾಯರ, ಈ ಕಂಬ ನಿಮ್ದು. ದಿನಾ ಮುಂಜಾನೆ ನೀವ ನೀರ ಹಾಕ್ರಿ. ನೀರ ಕುಡದಷ್ಟೂ ಗಟ್ಟಿ ಆಗ್ತದ. ನಾ ಹೇಳೂತನಕ ನಿಲ್ಲಸಬ್ಯಾಡ್ರಿ."

ಹಸಿ ಕಾಂಕ್ರೀಟಿಗೆ ಕೆಲವು ವಾರ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ, ಇದು ನಿಜ. ಆದರೆ ಆ ದಿನ ಸಿದ್ದಪ್ಪನ ಉದ್ದೇಶ ಕಂಬವನ್ನು ಗಟ್ಟಿ ಮಾಡುವುದಕ್ಕಿಂತ ಅಜ್ಜನನ್ನು ಒಂದು ಕಡೆ ನಿಲ್ಲಿಸುವುದಾಗಿತ್ತು ಎಂಬುದು ನನ್ನ ಪ್ರತಿಪಾದನೆ. ಕಟ್ಟಡ ಮುಗಿಯಿತು. ಸಿದ್ದಪ್ಪ ಬೇರೆ ಊರಿನ ಬೇರೆ ಕೆಲಸಕ್ಕೆ ಹೋದ, ತಿರುಗಿ ಬರಲಿಲ್ಲ. 'ನಿಲ್ಲಸ್ರಿ' ಎಂದು ಹೇಳುವುದು ಅವನಿಗೆ ಮರೆತುಹೋಯಿತು. ಹಾಗಾಗಿ ಅಜ್ಜ ನಿಲ್ಲಿಸಲಿಲ್ಲ. ನಾನು ಹುಟ್ಟಿದೆ, ಶಾಲೆಗೆ ಹೋದೆ, ಡಿಗ್ರಿ ಮುಗಿಸಿದೆ. ಕಂಬಕ್ಕೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಬೀಳುತ್ತಲೇ ಇತ್ತು.

ಈಗ ನೀವೇ ಯೋಚಿಸಿ. ಬೆಳಿಗ್ಗೆ ಸ್ನಾನ ಮಾಡಿದ ಮುದುಕ, ಒದ್ದೆ ಪಂಚೆ, ಹೊಳೆಯುವ ಹಿತ್ತಾಳೆ ತಂಬಿಗೆ, ಮೌನ. ನೋಡಿದವರು ಏನೆಂದುಕೊಳ್ಳಬೇಕು? ಒಂದು ದಿನ ಕಂಬದ ಮೇಲೆ ಅರಿಶಿನ ಕಾಣಿಸಿತು. ಅದು ಲಿಮಯೆ ಕಾಕು ಹಚ್ಚಿದ್ದು. ಅವರ ಮೊಣಕಾಲು ನೋವು ಆ ವಾರ ಕಡಿಮೆಯಾಗಿತ್ತು. ನೋವಿನ ಎಣ್ಣೆ ಬದಲಿಸಿದ್ದೂ ಅದೇ ವಾರ ಎಂದು ನಾನು ಹೇಳಿ ನೋಡಿದೆ. "ಅಗ, ಆ ಎಣ್ಣೀ ಹೆಸರು ನನಗ ಸೂಚಿಸಿದ್ದು ಯಾರು ಅಂತೀ?" ಎಂದರು ಕಾಕು. ಕಾಕು ಆಡುವುದು ಮರಾಠಿ; ನನ್ನ ನೆನಪಿನಲ್ಲಿ ಮಾತ್ರ ಎಲ್ಲರೂ ಧಾರವಾಡದ ಕನ್ನಡವನ್ನೇ ಆಡುತ್ತಾರೆ, ಕ್ಷಮಿಸಿ. ಖಂಡೋಬಾ, ಮ್ಹಸೋಬಾ ಎಂಬ ದೇವರುಗಳಿರುವ ನಾಡಿನಲ್ಲಿ ನಮ್ಮ ಕಂಬ ಬೇಗನೇ 'ಖಾಂಬೋಬಾ' ಆಯಿತು.

ನಾನು ಕುದಿದುಹೋದೆ. ಅಜ್ಜ ಮಾತ್ರ ಖುಷಿಯಲ್ಲಿದ್ದ.

"ಅಜ್ಜಾ, ಅವರು ಪೂಜಾ ಮಾಡ್ಲಿಕ್ಕತ್ತಾರ. ಇದು ದೇವರಲ್ಲ ಅಂತ ಹೇಳಬಾರದೇನು?"

"ಯಾಕ ಹೇಳ್ಬೇಕವಾ? ನಾ ಒಬ್ಬನ ನೀರು ಹಾಕ್ತಿದ್ದೆ. ಈಗ ನಾಕ ಮಂದಿ ಹಾಕ್ತಾರ. ಕಂಬಕ್ಕ ಛಲೋನ ಆತಲ್ಲಾ."

ಅವರಿಗೆ ಪೂಜೆ, ಇವನಿಗೆ ಕೂಲಿಯಿಲ್ಲದ ಕೆಲಸದವರು. ಅಷ್ಟೇ ಅಲ್ಲ, ಮೇಲ್ವಿಚಾರಣೆಯನ್ನೂ ಶುರು ಮಾಡಿದ. "ಬುಡಕ್ಕಷ್ಟ ಹಾಕಬ್ಯಾಡ್ರಿ, ಮ್ಯಾಲಿಂದ ಹಾಕ್ರಿ" ಎಂದ. ಆಯಿತು, ದೇವರಿಗೆ ತಲೆಯ ಮೇಲಿಂದ ಅಭಿಷೇಕ. "ಒಂದ ಮಗ್ಗಲಿಗೆ ಹಾಕಿದ್ರ ಉಪಯೋಗಿಲ್ಲ, ನಾಕೂ ಕಡೆ ಹಾಕ್ರಿ" ಎಂದ. ಜನ ತಂಬಿಗೆ ಹಿಡಿದು ಸುತ್ತು ಬರತೊಡಗಿದರು, ಪ್ರದಕ್ಷಿಣೆ ಹುಟ್ಟಿತು. "ಸಾಬಣದ ನೀರು ತರಬ್ಯಾಡ್ರಿ" ಎಂದದ್ದು ಮಡಿಯಾಯಿತು. "ಬಿಸಿಲೇರಿದ ಮ್ಯಾಲೆ ಹಾಕಿ ಏನ್ ಮಾಡೂದದ" ಎಂದದ್ದು ಮುಹೂರ್ತವಾಯಿತು. ಬೇಸಿಗೆಯಲ್ಲಿ ತೇವ ಆರಬಾರದೆಂದು ಅಜ್ಜ ಕಂಬಕ್ಕೆ ಗೋಣಿತಟ್ಟು ಸುತ್ತಿದ. ಮರುದಿನ ಕಾಕು ಅದನ್ನು ಮೆಲ್ಲಗೆ ಬಿಚ್ಚಿ ಜರಿಯಂಚಿನ ಖಣದ ಬಟ್ಟೆ ಸುತ್ತಿದರು. ಗೌಂಡಿಕೆಲಸದ ಒಂದು ಇಡೀ ಪಾಠ ನನ್ನ ಕಣ್ಣೆದುರಿಗೇ ಧರ್ಮಶಾಸ್ತ್ರವಾಯಿತು. ನಾನು ಇದನ್ನು ನನ್ನ ತರಗತಿಯ ಮಕ್ಕಳಿಗೆ ಉದಾಹರಣೆಯಾಗಿ ಹೇಳುತ್ತೇನೆ. ಯಾರೂ ನಂಬುವುದಿಲ್ಲ.

ಮೂರನೆಯ ಮಹಡಿಯಲ್ಲಿ ಬಾಡಿಗೆಗಿರುವ ತುಮಕೂರಿನ ಹೇಮಂತನೂ ಭಕ್ತನಾದ. ಕಂಪ್ಯೂಟರ್ ಓದಿದವನು! ಕೇಳಿದರೆ, "ಅಲ್ಲಾ ರೀ, ಇದ್ರಲ್ಲಿ ಲಾಸ್ ಏನಿದೆ ಹೇಳಿ? ಲಾಸ್ಟ್ ಇಯರ್ ಐದು ಸುತ್ತು ಹಾಕ್ದೆ, ಆಫೀಸಲ್ಲಿ ರೇಟಿಂಗ್ ಚೆನ್ನಾಗಿ ಬಂತು. ಈ ವರ್ಷ ಹನ್ನೊಂದು ಹಾಕ್ತಿದೀನಿ. ಡೇಟಾ ಸುಳ್ಳು ಹೇಳಲ್ಲ" ಎಂದ. ಒಂದೇ ವರ್ಷದ ಮಾಹಿತಿಯನ್ನು ಡೇಟಾ ಎನ್ನುವುದಿಲ್ಲ ಎಂದೆ. "ಅದಕ್ಕೇ ರೀ, ಈ ವರ್ಷ ಸ್ಯಾಂಪಲ್ ಸೈಜ್ ಜಾಸ್ತಿ ಮಾಡ್ತಿರೋದು" ಎಂದ.

ಹೀಗೆ ಎಲ್ಲರೂ ಸುಖವಾಗಿದ್ದಾಗ ಸೊಸೈಟಿಯ ಸೆಕ್ರೆಟರಿ ಭೋಸಲೆ ಕಾಕಾ ಕಟ್ಟಡದ ತಪಾಸಣೆಗೆಂದು ಒಬ್ಬ ಎಂಜಿನಿಯರನ್ನು ಕರೆಸಿದರು. ಮಾನಸಿ ಎಂದು ಹೆಸರು, ನನ್ನ ವಯಸ್ಸಿನವಳು. ಕೈಯಲ್ಲಿ ಪುಟ್ಟ ಸುತ್ತಿಗೆ. ಕಂಬ ಕಂಬಕ್ಕೂ ಬಡಿಯುತ್ತ ಬಂದಳು: ಠಣ್, ಠಣ್, ಠಣ್. ಮೂಲೆಯ ಕಂಬದ ಬುಡಕ್ಕೆ ಬಡಿದಾಗ ಬೊದ್ ಎಂದಿತು. ಇನ್ನೊಮ್ಮೆ ಬಡಿದಳು. ಅಂಗೈಯಗಲದ ಹಪ್ಪಳ ಕಳಚಿ ಕೆಳಗೆ ಬಿತ್ತು. ಒಳಗೆ ಸರಳು ಕೆಂಪಗೆ, ಪುಡಿಪುಡಿಯಾಗಿ ಕಾಣಿಸಿತು.

"ಇಷ್ಟು ನೀರು ಎಲ್ಲಿಂದ ಬರ್ತದ ಇದಕ್ಕ? ಮ್ಯಾಲೆ ಪೈಪ್ ಸೋರ್ತದೇನು?" ಎಂದು ಕೇಳಿದಳು ಮಾನಸಿ.

"ಅಭಿಷೇಕ!" ಎಂದರು ಕಾಕು.

"ಯಾರು ಶುರು ಮಾಡಿದ್ದು?"

ಎಲ್ಲರೂ ಹೆಮ್ಮೆಯಿಂದ ಅಜ್ಜನ ಕಡೆಗೆ ತಿರುಗಿದರು. ಗಟ್ಟಿಯಾದ ಮೇಲೂ ವರ್ಷಗಟ್ಟಲೆ ನೀರು ಕುಡಿಸಿದರೆ ಅದು ಒಳಗಿಳಿದು ಸರಳನ್ನು ತಿನ್ನುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಇದನ್ನು ರಿಪೇರಿ ಮಾಡಲೇಬೇಕು ಎಂದು ಮಾನಸಿ ವಿವರಿಸುತ್ತಿದ್ದಳು. ಅಜ್ಜ ಕೈಯಲ್ಲಿದ್ದ ತಂಬಿಗೆಯನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿಕೊಂಡ. ಅದನ್ನು ನೋಡಿದವಳು ನಾನೊಬ್ಬಳೇ.

ಆ ಸಂಜೆ ಅವನು ಚಹಾ ಕುಡಿಯಲಿಲ್ಲ.

"ನೀರು ಕುಡದಷ್ಟೂ ಗಟ್ಟಿ ಆಗ್ತದ ಅಂದಿದ್ನಲ್ಲವಾ ಸಿದ್ದಪ್ಪಾ."

"ಹೊಸಾದಿದ್ದಾಗ ಅಜ್ಜಾ. ಕೆಲವು ವಾರ ಅಷ್ಟ."

"ಮತ್ತ ನಿಲ್ಲಸ್ರಿ ಅಂತ ಯಾಕ ಹೇಳ್ಲಿಲ್ಲ ಅಂವಾ?"

ಮರುದಿನ ಬೆಳಿಗ್ಗೆ ಅಜ್ಜ ಕೆಳಗಿಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಪೇಪರನ್ನು ತಲೆಕೆಳಗಾಗಿ ಹಿಡಿದು ಬಾಲ್ಕನಿಯಲ್ಲಿ ಕೂತಿರುತ್ತಿದ್ದ. ಆಜೋಬಾ ಮೇಲೆ ದೇವರಿಗೆ ಸಿಟ್ಟು ಬಂದಿದೆ, ಸುತ್ತಿಗೆಯಿಂದ ಹೊಡೆದದ್ದಕ್ಕೇ ಹೀಗಾಯಿತು ಎಂದು ಕಾಕು ಮನೆಮನೆಗೆ ಹೇಳಿ ಬಂದರು. ಇನ್ನು ಕಂಬಕ್ಕೆ ಯಾರೂ ಸುತ್ತಿಗೆ ಮುಟ್ಟಿಸಕೂಡದು ಎಂದು ತೀರ್ಮಾನವೂ ಆಗಿಬಿಟ್ಟಿತು. ಭೋಸಲೆ ಕಾಕಾ ಭಾನುವಾರ ಬೆಳಿಗ್ಗೆ ಎಲ್ಲರ ಸಭೆ ಕರೆದರು.

ನನ್ನ ಇಕ್ಕಟ್ಟು ನೋಡಿ. ಇದು ದೇವರಲ್ಲ, ಬರೀ ನೀರು ಕುಡಿಸುವ ಕೆಲಸವಾಗಿತ್ತು ಎಂದು ಹೇಳಿದರೆ ಕಂಬ ಉಳಿಯುತ್ತದೆ, ಅಜ್ಜ ಮುಳುಗುತ್ತಾನೆ. ಇಷ್ಟು ವರ್ಷ ಪುಣ್ಯಾತ್ಮನಾಗಿದ್ದವನು ಒಂದೇ ಬೆಳಗಿನಲ್ಲಿ, ಕಟ್ಟಡದ ಕಾಲಿಗೆ ನೀರು ಹೊಯ್ದು ಹೊಯ್ದು ಕೊಳೆಸಿದ ಮುದುಕನಾಗುತ್ತಾನೆ. ಹೇಳದಿದ್ದರೆ ಅಜ್ಜ ಉಳಿಯುತ್ತಾನೆ. ಕಂಬ ಮುಳುಗುತ್ತದೆ, ಅದರ ಮೇಲೆ ಮಲಗುವ ನಾವೂ.

ಅಜ್ಜನಿಗೆ ಇಂಥ ಇಕ್ಕಟ್ಟು ಇರಲಿಲ್ಲ. "ನಾನ ಎದ್ದು ನಿಂತು ಹೇಳ್ತೇನಿ. ಹಾಳು ಮಾಡಿದಾಂವಾ ನಾನು" ಎಂದ.

"ಮಾವಾರ, ಹಂಗೆಲ್ಲಾ ಹೇಳಬ್ಯಾಡ್ರಿ" ಎಂದಳು ಅಮ್ಮ. ಆಮೇಲೆ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಊರ ಮಂದೀ ಜೋಡಿ ಎಲ್ಲಾ ವಾದಾ ಮಾಡ್ತಿ. ಮನ್ಯಾಗ ಇಷ್ಟು ಕಪ್ಪು ಗೆದ್ದು ತಂದಿಟ್ಟೀ, ಧೂಳ ಒರಸೂದು ನಾನು. ಒಂದು ಸಲಾನರೆ ಉಪಯೋಗಾಗು" ಎಂದಳು.

ಸಭೆ ನಡೆದದ್ದು ಪಾರ್ಕಿಂಗಿನಲ್ಲೇ, ಕಂಬದ ಸುತ್ತ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಹೇಮಂತ ನನ್ನ ಪಕ್ಕದಲ್ಲಿ ಕೂತು ಪಿಸುಗುಟ್ಟಿದ: "ರಿಪೇರಿ ಬೇಡ ಅಂತ ನಾನು ಹೇಳಲ್ಲ ರೀ. ಅಪ್ರೈಸಲ್ ಮುಗಿದ್ಮೇಲೆ ಮಾಡ್ಲಿ ಅಂತ ಅಷ್ಟೇ."

ಭೋಸಲೆ ಕಾಕಾ ಗಂಟಲು ಸರಿಮಾಡಿಕೊಂಡು, "ಕಂಬದ ಸಡಲು ಭಾಗ ಒಡದು ತಗೀಬೇಕಂತ..." ಎನ್ನುವಷ್ಟರಲ್ಲಿ ಲಿಮಯೆ ಕಾಕು ಎದ್ದರು.

"ಒಡೀಬೇಕು? ದೇವರನ್ನ? ಭೋಸಲೆ, ನಿಮ್ಮ ಸ್ಕೂಟರ್ ಒಮ್ಮೆ ಬ್ರೇಕ್ ತಪ್ಪಿ ಬಂದು ಇದಕ್ಕ ಬಡದಿತ್ತು. ಸ್ಕೂಟರ್ ಮುರೀತು, ನಿಮಗ ಒಂದು ಗೀರೂ ಬೀಳ್ಲಿಲ್ಲ. ನೆನಪದ ಇಲ್ಲೊ?"

ಭೋಸಲೆ ಕಾಕಾ ಕಂಬಕ್ಕೊಂದು ನಮಸ್ಕಾರ ಮಾಡಿ ಕೂತರು. ಸಭೆ ಅಲ್ಲಿಗೇ ಮುಗಿದ ಹಾಗಾಯಿತು. ಆಗ ನನ್ನ ಮುಂದಿನ ಸಾಲಿನಲ್ಲಿದ್ದ ಅಜ್ಜ ಕುರ್ಚಿಯ ಕೈ ಹಿಡಿದು ಏಳಲು ಶುರು ಮಾಡಿದ. ಅವನು ಪೂರ್ತಿ ಏಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಮೊಣಕಾಲಿನ ಕಾಟ. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ತಲೆಯೊಳಗೆ ಏನು ನಡೆಯಿತೋ ನನಗೇ ತಿಳಿಯದು. "ಒಂದು ನಿಮಿಷ!" ಎಂದು ನಾನು ಎದ್ದು ನಿಂತಿದ್ದೆ. ಅಜ್ಜ ಅರ್ಧಕ್ಕೇ ನಿಂತ.

ಚಿಕ್ಕವಳಿದ್ದಾಗ ಒಮ್ಮೆ ಧಾರವಾಡಕ್ಕೆ ಹೋದಾಗ ಅಲ್ಲಿನ ಗುಡಿಯೊಂದರ ಜೀರ್ಣೋದ್ಧಾರ ನಡೆದಿತ್ತು. ಗರ್ಭಗುಡಿಗೆ ಬೀಗ. ದೇವರೆಲ್ಲಿ ಎಂದು ಕೇಳಿದರೆ ಒಂದು ತಾಮ್ರದ ಕಲಶ ತೋರಿಸಿದರು. ರಿಪೇರಿ ಮುಗಿಯುವ ತನಕ ದೇವರನ್ನು ಮಂತ್ರ ಹೇಳಿ ಕಲಶದ ನೀರಿಗೆ ಇಳಿಸಿರುತ್ತಾರೆ, ಆಮೇಲೆ ಮತ್ತೆ ಮೂರ್ತಿಗೆ ಸೇರಿಸುತ್ತಾರೆ ಎಂದರು. ನಾನು ಯಾರೂ ಇಲ್ಲದಾಗ ತೆಂಗಿನಕಾಯಿ ಎತ್ತಿ ಒಳಗೆ ಇಣುಕಿದ್ದೆ. ದೇವರ ಬದಲು ನನ್ನ ಮುಖವೇ ಕಂಡಿತ್ತು. ಅವತ್ತೇ ನಾನು ನಾಸ್ತಿಕಳಾದೆನೆಂದು ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದೇನೆ.

ಆ ಕಲಶವನ್ನೇ ನಾನೀಗ ಸಭೆಯ ಮುಂದಿಟ್ಟೆ.

"ಕಾಕು ಹೇಳೂದು ನೂರಕ್ಕ ನೂರು ಖರೆ. ದೇವರನ್ನ ಒಡೀಬಾರದು. ಆದ್ರ ದೇವರ ಮನಿ ಹಾಳಾದ್ರ ರಿಪೇರಿ ಮಾಡಿಸೂದು ಭಕ್ತರ ಧರ್ಮ ಹೌದೊ ಅಲ್ಲೊ? ಗುಡಿ ಸೋರ್ಲಿಕ್ಕತ್ತಾಗ ಸುಮ್ಮನ ಕೂತವ್ರಿಗೆ ಏನಂತಾರ, ಕಾಕು?" ಎಂದೆ.

ಎದುರಾಳಿಯ ಪ್ರಮೇಯವನ್ನೇ ಎತ್ತಿಕೊಂಡು ನಡೆ ಎಂದು ನಾನು ಮಕ್ಕಳಿಗೆ ಕಲಿಸುತ್ತೇನೆ, ನಡೆದೆ. ಕಲಶದ ಪದ್ಧತಿ ವಿವರಿಸಿದೆ. ದೇವರನ್ನು ನೀರಿಗೆ ಇಳಿಸಿದ ಮೇಲೆ ಉಳಿಯುವುದು ಬರೀ ಕಂಬ. ಅದಕ್ಕೆ ಸುತ್ತಿಗೆ ತಾಗಿದರೆ ದೋಷವಿಲ್ಲ ಎಂದೆ. ಯಾವ ಶಾಸ್ತ್ರದಲ್ಲಿದೆ ಎಂದು ಯಾರೋ ಕೇಳಿದರು. "ಶಾಸ್ತ್ರದಾಗ ಇಲ್ಲ ಅಂತ ನೀವು ಓದೀರೇನು?" ಎಂದೆ. ಯಾರೂ ಓದಿರಲಿಲ್ಲ. ನಾನಂತೂ ಓದಿಯೇ ಇರಲಿಲ್ಲ.

"ಆದ್ರ ದೇವರು ಯಾವ ಕಲಶದಾಗ ಇಳೀತಾನ?" ಎಂದರು ಕಾಕು. ಕಣ್ಣಲ್ಲಿ ನೀರಿತ್ತು.

"ದಿನಾ ಯಾವ ತಂಬಿಗಿ ನೋಡ್ಯಾನೊ, ಅದರಾಗ."

ಚಪ್ಪಾಳೆ ಬಿತ್ತು. ನನ್ನ ಜೀವಮಾನದ ಅತಿ ದೊಡ್ಡ ಗೆಲುವು, ನಾನು ಒಂದಕ್ಷರವೂ ನಂಬದ ವಿಷಯದ ಮೇಲೆ. ಹೇಮಂತ ಕೂಡ ಎದ್ದು ನಿಂತು ತಟ್ಟುತ್ತಿದ್ದ. ದೇವರು ತಂಬಿಗೆಯಲ್ಲಿದ್ದಾಗಲೂ ಸುತ್ತು ಹಾಕಬಹುದೇ ಎಂದು ಆಮೇಲೆ ವಿಚಾರಿಸಿದ. ಅಜ್ಜ ಅರ್ಧಕ್ಕೇ ನಿಂತವನು ನನ್ನ ಕಡೆ ತಿರುಗಿ, "ಏನ್ ವಕೀಲಬಾಯಿ, ನೀ ಇದನ್ನೆಲ್ಲಾ ನಂಬ್ತೀ ಏನು?" ಎಂದ.

"ಡಿಬೇಟಿನಾಗ ನಂಬಿಕೀಗೆ ಮಾರ್ಕ್ಸ್ ಇಲ್ಲಜ್ಜಾ. ನೀ ಮೊದಲ ಕೂಡು" ಎಂದೆ.

ಕಾಕು ಮೊಬೈಲಿನಲ್ಲಿ ಮಂತ್ರ ಹಾಕಿ ದೇವರನ್ನು ಅಜ್ಜನ ಹಿತ್ತಾಳೆ ತಂಬಿಗೆಗೆ ಇಳಿಸಿದರು. ತಂಬಿಗೆ ನಮ್ಮ ಮನೆಗೇ ಬಂತು. ನಮ್ಮ ದೇವರ ಶೆಲ್ಫಿನಲ್ಲಿ ಜಾಗವಿಲ್ಲದೆ ಫ್ರಿಜ್ಜಿನ ಮೇಲೆ ಕೂತಿತು. ಅಜ್ಜ ಪ್ಲಾಸ್ಟಿಕ್ ಮಗ್ಗಿನಲ್ಲಿ ಸ್ನಾನ ಮಾಡಬೇಕಾಯಿತು. "ದೇವರಿಗೆ ಬ್ಯಾರೆ ಪಾತ್ರಿ ಸಿಗ್ಲಿಲ್ಲೇನು?" ಎಂದು ಬಚ್ಚಲಿನಿಂದ ದಿನಾ ಕೇಳುತ್ತಿದ್ದ. ಬೇಸಿಗೆ, ತಂಬಿಗೆಯ ನೀರು ದಿನದಿನಕ್ಕೂ ಇಳಿಯುತ್ತಿತ್ತು. "ದೇವರು ಕಡಿಮಿ ಆಗ್ಲಿಕ್ಕತ್ತಾನಲ್ಲೇ" ಎಂದು ಅಮ್ಮ ಗಾಬರಿಯಾಗಿ, ಯಾರಿಗೂ ಹೇಳದೆ ಫಿಲ್ಟರಿನ ನೀರು ಸೇರಿಸುತ್ತಿದ್ದಳು.

ಕೆಳಗೆ ಕಬ್ಬಿಣದ ಊರುಗೋಲು ಕೊಟ್ಟು, ಸಡಿಲ ಭಾಗ ಕೆತ್ತಿ, ಸರಳಿನ ತುಕ್ಕು ತೆಗೆದು, ಸುತ್ತಲೂ ಹೊಸ ಕಾಂಕ್ರೀಟು ತುಂಬಿದರು. ನನ್ನ ಮೇಜಿನ ತುಂಡು ಆಗ ಹೆಕ್ಕಿಕೊಂಡದ್ದು. ಅಚ್ಚು ಬಿಚ್ಚಿದಾಗ ಕಂಬ ಮೊದಲಿಗಿಂತ ದಪ್ಪವಾಗಿ, ಹೆರಿಗೆಯಾದ ಬಾಣಂತಿಯ ಹಾಗೆ ತಣ್ಣಗೆ ನಿಂತಿತ್ತು. ಕಾಕು ತಂಬಿಗೆಯ ನೀರನ್ನು ಅದರ ಮೇಲೆ ಸುರಿದು ದೇವರನ್ನು ಮನೆಗೆ ಸೇರಿಸಿದರು. ಮಾನಸಿ ನಕ್ಕು, "ಛಲೋ ಆತು. ಇನ್ನ ದಿನಾ ಹಿಂಗ ನೀರು ಹಾಕ್ರಿ. ನಾ ಬಂದು ಹೇಳೂತನಕ ನಿಲ್ಲಸಬ್ಯಾಡ್ರಿ" ಎಂದಳು.

ಬಾಲ್ಕನಿ ಬಿಟ್ಟು ಅಜ್ಜ ಬಂದು ಅವಳ ಎದುರು ನಿಂತ. "ಖರೇನ ಬಂದು ಹೇಳ್ತೀಯೇನವಾ?"

"ಬರ್ತೇನಿ ಆಜೋಬಾ."

"ಮರೀಬ್ಯಾಡ ಮತ್ತ. ಮಂದಿ ಮರೀತಾರ."

ಆ ವಾರಗಳಲ್ಲಿ ಅಜ್ಜನನ್ನು ನೀವು ನೋಡಬೇಕಿತ್ತು. ಒದ್ದೆ ಪಂಚೆ, ತಂಬಿಗೆ, ಬಾಯಿ ತುಂಬ ಹುಕುಂ. ಕಾಕು ಗೋಣಿತಟ್ಟು ಸುತ್ತಿದರು, ಹೇಮಂತ ಬಕೆಟ್ ಹೊತ್ತ, ಭೋಸಲೆ ಕಾಕಾ ಪೈಪು ಹಿಡಿದರು. ಹೇಳಿದ ಹಾಗೆ ಮಾನಸಿ ಬಂದಳು. ಸುತ್ತಿಗೆಯಿಂದ ಬಡಿದಳು: ಠಣ್. "ಆತು ಆಜೋಬಾ. ಇನ್ನ ಸಾಕು, ನಿಲ್ಲಸ್ರಿ" ಎಂದಳು.

ಎತ್ತಿದ ತಂಬಿಗೆ ಅಲ್ಲೇ ನಿಂತಿತು. ಅಜ್ಜ ಅದನ್ನು ಕೆಳಗಿಳಿಸಿ, ಇದ್ದ ನೀರನ್ನು ಪಕ್ಕದ ಕರಿಬೇವಿನ ಗಿಡಕ್ಕೆ ಹಾಕಿದ. "ನಿಲ್ಲಸ್ರಿ ಅಂದ್ಲು, ಕೇಳಿದ್ರೇನು?" ಎಂದು ನಮ್ಮೆಲ್ಲರನ್ನೂ ನೋಡಿದ, ಏನೋ ಬಹುಮಾನ ಬಂದವನ ಹಾಗೆ. ಅಭಿಷೇಕದ ಗತಿಯೇನು ಎಂದು ಕಾಕು ಕೇಳಿದಾಗ, "ದೇವರು ಇನ್ನ ನೀರು ಕುಡಿಯೂದಿಲ್ರಿ, ಹೊಟ್ಟಿ ತುಂಬೇದ. ಒಣಾ ಕುಂಕುಮ ಸಾಕು" ಎಂದು ಕೊನೆಯ ನಿಯಮವನ್ನೂ ಕೊಟ್ಟ. ಈಗ ಅದೂ ಧರ್ಮಶಾಸ್ತ್ರ.

ಇಲ್ಲಿಗೆ ಮುಗಿಸಿದ್ದರೆ ನನ್ನ ವಾದ ಭದ್ರವಾಗಿ ಉಳಿಯುತ್ತಿತ್ತು: ಅಜ್ಜನದು ಭಕ್ತಿಯಲ್ಲ, ಬರೀ ಗೌಂಡಿಕೆಲಸ, ನಿಲ್ಲಿಸು ಎಂದರು, ನಿಲ್ಲಿಸಿದ. ಆದರೆ ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಹಾಲು ತರುವ ನೆಪದಲ್ಲಿ ನಾನೂ ಹಿಂದೆ ಇಳಿದೆ. ಅಜ್ಜ ಒದ್ದೆ ಪಂಚೆಯಲ್ಲಿ ಕಂಬದ ಮುಂದೆ ನಿಂತಿದ್ದ. ತಂಬಿಗೆ ಎತ್ತಿ ಬಗ್ಗಿಸಿದ. ಒಂದು ಹನಿಯೂ ಬೀಳಲಿಲ್ಲ, ಖಾಲಿ ತಂಬಿಗೆ. ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಬಹಳ ಹೊತ್ತು, ನಡುವೆ ಒಮ್ಮೆ ನಕ್ಕ ಹಾಗೂ ಆಯಿತು.

ನನ್ನ ಬಳಿ ಊಹೆಗಳಿವೆ. ಒಂದನ್ನು ಲಿಮಯೆ ಕಾಕು ಕೇಳಿದರೆ ಕುಣಿದಾಡುತ್ತಾರೆ. ಇನ್ನೊಂದರಲ್ಲಿ ವಿಜಯಪುರದ ಕಡೆಯ ಒಬ್ಬ ಮರೆಗುಳಿ ಗುತ್ತಿಗೆದಾರ ಬರುತ್ತಾನೆ. ಎರಡಕ್ಕೂ ಪುರಾವೆಯಿಲ್ಲ. ಅಜ್ಜ ಕಣ್ಣು ತೆರೆದು ನನ್ನನ್ನು ನೋಡಿದ, ತಂಬಿಗೆಯನ್ನು ಪಂಚೆಯ ತುದಿಯಿಂದ ಒರೆಸಿಕೊಂಡ, ನನ್ನ ಪಕ್ಕದಿಂದಲೇ ಮೆಟ್ಟಿಲು ಹತ್ತತೊಡಗಿದ. ಅವನ ಬೆನ್ನಿಗೆ ಕೇಳಿದೆ:

"ಅಜ್ಜಾ, ನೀರಂತೂ ಇದ್ದಿಲ್ಲ. ಮತ್ತ ಅಷ್ಟ್ಹೊತ್ತು ನೀ ಮಾತಾಡಿದ್ದು ಯಾರ ಜೋಡಿ?"